ಆಟದ ಹಳ್ಳಿಯಲ್ಲಿ ಗಳಿಸಿದ ನಾಣ್ಯ ಬ್ಯಾಂಕ್ ಖಾತೆಗೆ ಬರುತ್ತದೆಯೇ?

“ಹಳ್ಳಿ ಕಟ್ಟುವ ಆಟ ಆಡಿ, ಮನೆಯಲ್ಲೇ ಕೂತು ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ.” ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಜೊತೆಗೆ ಒಂದು ಲಿಂಕ್, ಚಿನ್ನದ ನಾಣ್ಯಗಳ ರಾಶಿಯ ಚಿತ್ರ, ಕೊನೆಯಲ್ಲಿ “ಹತ್ತು ಜನರಿಗೆ ಕಳಿಸಿ” ಎಂಬ ಸೂಚನೆ. ಇದನ್ನು ನಂಬಬಹುದೇ?

ಚುಟುಕಾಗಿ ಹೇಳುವುದಾದರೆ, ಇಲ್ಲ. ಹಳ್ಳಿ ಕಟ್ಟುವ ಆಟದಲ್ಲಿ ನೀವು ಗಳಿಸುವ ನಾಣ್ಯ ಆಟದೊಳಗೇ ಉಳಿಯುತ್ತದೆ. ಅದನ್ನು ರೂಪಾಯಿ ಮಾಡಿಕೊಡುತ್ತೇವೆ ಎಂದು ಬರುವ ಸಂದೇಶದ ಹಿಂದೆ ಹೆಚ್ಚಿನ ಸಲ ಇರುವುದು ನಿಮ್ಮ ಖಾತೆಯ ಮೇಲಿನ ಕಣ್ಣು. ಏಕೆ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಈ ದುಡ್ಡು ಯಾರ ಜೇಬಿನಿಂದ ಬರುತ್ತಿದೆ? ಈ ಪ್ರಶ್ನೆಯನ್ನು ನಾವು ಮೊದಲು ಆಟದ ಹಳ್ಳಿಗೆ ಕೇಳೋಣ, ಆಮೇಲೆ ನಿಜವಾದ ಮಲೆನಾಡಿನ ಹಳ್ಳಿಗೆ, ಕೊನೆಗೆ ಫಾರ್ವರ್ಡ್‌ಗೆ.

ಆಟದಲ್ಲಿ ನಾಣ್ಯ ಹುಟ್ಟುವುದು ಹೇಗೆ?

ಈ ಬಗೆಯ ಆಟಗಳಲ್ಲಿ ಹೆಸರಾದದ್ದು ‘ಮೀಡಿವಲ್ ಡೈನಾಸ್ಟಿ’. ಪೋಲೆಂಡ್‌ನ ರೆಂಡರ್ ಕ್ಯೂಬ್ ಕಂಪನಿ ತಯಾರಿಸಿದ ಇದರ ಪೂರ್ಣ ಆವೃತ್ತಿ 2021ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಮಧ್ಯಯುಗದ ಯುರೋಪಿನ ಒಂದು ಕಣಿವೆಗೆ ಬರಿಗೈಯಲ್ಲಿ ಬರುವ ಯುವಕ ನೀವು. ಕಾಡಿನಲ್ಲಿ ಕಡ್ಡಿ, ಕಲ್ಲು ಆಯ್ದು ಚಾಕು, ಕೊಡಲಿ ಮಾಡಿಕೊಳ್ಳಬೇಕು. ಮೊಲ, ಜಿಂಕೆ ಬೇಟೆಯಾಡಿ ಮಾಂಸ, ಚರ್ಮ ಮಾರಬೇಕು. ಆಮೇಲೆ ಮನೆ ಕಟ್ಟಿ, ಹೊಲ ಉತ್ತು, ಜನರನ್ನು ಕರೆತಂದು, ಕಮ್ಮಾರಸಾಲೆ ಹಾಕಿ, ತಾಮ್ರ, ಕಂಚು, ಕಬ್ಬಿಣದ ಹತಾರ ತಯಾರಿಸಿ ಅಕ್ಕಪಕ್ಕದ ಊರಿನ ವ್ಯಾಪಾರಿಗಳಿಗೆ ಮಾರಬೇಕು. ವರ್ಷಕ್ಕೊಮ್ಮೆ ಕಟ್ಟಡ ಮತ್ತು ಹೊಲಗಳ ಲೆಕ್ಕದಲ್ಲಿ ರಾಜನಿಗೆ ಕಂದಾಯ ಕಟ್ಟಬೇಕು.

ಆಟಗಾರರು ಬೇಗ ಕಂಡುಕೊಳ್ಳುವ ಗುಟ್ಟು ಸರಳವಾದದ್ದು. ಕಚ್ಚಾ ವಸ್ತು ಮಾರಿದರೆ ಕಾಸು ಕಡಿಮೆ, ಅದನ್ನೇ ಸಾಮಾನಾಗಿ ಮಾಡಿ ಮಾರಿದರೆ ಹೆಚ್ಚು. ಕಡ್ಡಿಗೆ ಬೆಲೆಯಿಲ್ಲ, ಕೊಡಲಿಗೆ ಬೆಲೆಯಿದೆ. ಇದು ನಿಜಜೀವನಕ್ಕೂ ಒಪ್ಪುವ ಮಾತು.

ಆದರೆ ನೀವು ಐವತ್ತು ಚಾಕು ಮಾರಿದರೆ ಆ ವ್ಯಾಪಾರಿ ಅವನ್ನು ಯಾರಿಗೆ ಮಾರುತ್ತಾನೆ? ಯಾರಿಗೂ ಇಲ್ಲ. ಅವನ ಕೈಗೆ ಕಾಸು ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ. ನೀವು ಮಾರಿದ ಕ್ಷಣ ಸಾಫ್ಟ್‌ವೇರ್ ನಿಮ್ಮ ಹೆಸರಿನ ಮುಂದಿನ ಅಂಕಿಯನ್ನು ಹೆಚ್ಚಿಸುತ್ತದೆ, ಅಷ್ಟೇ. ಆಟ ತಯಾರಿಸುವವರು ಇದನ್ನು ನಲ್ಲಿ ಮತ್ತು ಬಚ್ಚಲಿನ ಹಾಗೆ ಯೋಚಿಸುತ್ತಾರೆ. ಮಾರಾಟವೆಂಬ ನಲ್ಲಿಯಿಂದ ನಾಣ್ಯ ಸುರಿಯುತ್ತದೆ, ಕಂದಾಯ ಮತ್ತು ಖರೀದಿಯೆಂಬ ಬಚ್ಚಲಲ್ಲಿ ಹರಿದುಹೋಗುತ್ತದೆ. ಎರಡೂ ಸಮವಾಗಿದ್ದರೆ ಆಟ ರುಚಿಸುತ್ತದೆ. ಈ ನಾಣ್ಯ ಯಾರ ಜೇಬಿನಿಂದಲೂ ಬಂದದ್ದಲ್ಲ. ಹಾಗಾಗಿ ನಿಮ್ಮ ಜೇಬಿಗೂ ಬರಲಾರದು. ಅದು ಸೇವ್ ಆದ ಫೈಲ್‌ನಲ್ಲಿರುವ ಒಂದು ಸಂಖ್ಯೆ.

ನಮ್ಮ ಮಲೆನಾಡಿನಲ್ಲಿ ದುಡ್ಡು ಎಲ್ಲಿಂದ ಬರುತ್ತಿತ್ತು?

ಇದೇ ಪ್ರಶ್ನೆಯನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಗೆ ಕೇಳೋಣ. ಕಾಡು, ಹೊಳೆ, ಗುಡ್ಡ, ದೂರದೂರಕ್ಕೆ ಒಂಟಿಮನೆಗಳು: ನೋಟಕ್ಕೆ ಇದೂ ಆಟದ ಕಣಿವೆಯಂತೆಯೇ ಇದೆ. ಆದರೆ ಇಲ್ಲಿ ದುಡ್ಡು ನಡೆಯುತ್ತಿದ್ದ ದಾರಿ ಬೇರೆ.

1346ರಲ್ಲಿ ವಿಜಯನಗರದ ಒಂದನೆಯ ಹರಿಹರ ಮತ್ತು ಅವನ ಸೋದರರು ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ದಾನ ಕೊಟ್ಟದ್ದನ್ನು ಶಾಸನ ಹೇಳುತ್ತದೆ. ಕೊಟ್ಟದ್ದು ಭೂಮಿಯನ್ನು. ಆ ಕಾಲದಲ್ಲಿ ಸಂಪತ್ತು ಎಂದರೆ ವರ್ಷವರ್ಷವೂ ಬೆಳೆ ಕೊಡುವ ನೆಲ. ಹಳ್ಳಿಯೊಳಗಿನ ವ್ಯವಹಾರಕ್ಕೆ ನಾಣ್ಯ ಅಷ್ಟಾಗಿ ಬೇಕಾಗುತ್ತಲೂ ಇರಲಿಲ್ಲ. ಕಮ್ಮಾರ ಕತ್ತಿ ತಟ್ಟಿಕೊಟ್ಟರೆ, ಕುಂಬಾರ ಮಡಕೆ ಕೊಟ್ಟರೆ ಸುಗ್ಗಿಯಲ್ಲಿ ಭತ್ತ ಅಳೆದು ಕೊಡುವುದು ರೂಢಿ. ಆಟದಲ್ಲಿ ಒಂದು ಕತ್ತಿಗೆ ಕೈತುಂಬ ಕಾಸು ಸಿಗುತ್ತದೆ. ನಿಜವಾದ ಹಳ್ಳಿಯಲ್ಲಿ ಒಬ್ಬ ಕಮ್ಮಾರ ಐವತ್ತು ಕತ್ತಿ ಮಾಡಿಟ್ಟರೆ ಕೊಳ್ಳುವವರು ಯಾರು?

ನಾಣ್ಯಗಳಂತೂ ಇದ್ದವು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅವುಗಳ ಲೆಕ್ಕ ಬರೆದಿಟ್ಟಿದ್ದಾನೆ. ಚಿನ್ನದ ಒಂದು ವರಾಹಕ್ಕೆ ಎರಡು ಪ್ರತಾಪ, ಒಂದು ಪ್ರತಾಪಕ್ಕೆ ಹತ್ತು ಹಣ, ಒಂದು ಹಣಕ್ಕೆ ಆರು ಬೆಳ್ಳಿಯ ತಾರ, ಒಂದು ತಾರಕ್ಕೆ ಮೂರು ತಾಮ್ರದ ಜೀತಲ್. ಅಂದರೆ ಒಂದು ವರಾಹಕ್ಕೆ 360 ತಾಮ್ರದ ಕಾಸು. ಇವತ್ತು ನಾವು ಎಲ್ಲ ದುಡ್ಡಿಗೂ ಹೇಳುವ ‘ಹಣ’ ಎಂಬ ಮಾತು ಆಗ ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರಾಗಿತ್ತು.

ಈ ವರಾಹಗಳು ಮಲೆನಾಡಿಗೆ ಬರುತ್ತಿದ್ದುದು ಹೊರಗಿನವರು ಏನನ್ನಾದರೂ ಕೊಂಡಾಗ. ಮುಖ್ಯವಾಗಿ ಕಾಳುಮೆಣಸು ಮತ್ತು ಅಡಿಕೆ. ಹೇರೆತ್ತುಗಳ ಮೇಲೆ ಇವು ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋದವು. ಕರಾವಳಿಯಿಂದ ಉಪ್ಪು, ಒಣಮೀನು ಘಟ್ಟ ಹತ್ತಿ ಬಂದವು. ಮೆಣಸಿಗೆ ಎಷ್ಟು ಬೆಲೆಯಿತ್ತೆಂದರೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಲಿಸ್ಬನ್ನಿನ ಅಡುಗೆಮನೆಯವರೆಗೆ ಚಾಚಿದ ಸರಪಳಿಯ ಆ ತುದಿಯಲ್ಲಿ ಒಬ್ಬ ಕೊಳ್ಳುವವನಿದ್ದ. ಅವನ ಜೇಬಿನ ದುಡ್ಡು ಕೈಯಿಂದ ಕೈಗೆ ದಾಟಿ, ಪ್ರತಿ ಕೈಯಲ್ಲೂ ಒಂದಿಷ್ಟು ಸವೆದು, ಕೊನೆಗೆ ಇಲ್ಲಿನ ಬೆಳೆಗಾರನಿಗೆ ತಲುಪುತ್ತಿತ್ತು.

ಕಂದಾಯವೂ ಇತ್ತು. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಇಂದಿಗೂ ಮಲೆನಾಡಿನ ಮಾತಿನಲ್ಲಿದೆ. ಗದ್ದೆಗಳನ್ನು ಫಲವತ್ತತೆಯ ಮೇಲೆ ದರ್ಜೆಗಳಾಗಿ ವಿಂಗಡಿಸಿ, ಅಡಿಕೆ ತೋಟಕ್ಕೆ ಮರಗಳ ಲೆಕ್ಕ ಹಿಡಿದು ತೆರಿಗೆ ನಿಗದಿ ಮಾಡಿದ ವ್ಯವಸ್ಥೆ ಅದು. ಆಟದ ರಾಜನ ಹಾಗೆ ಕಟ್ಟಡ ಎಣಿಸಿದ್ದಲ್ಲ, ನೆಲ ಎಷ್ಟು ಕೊಡಬಲ್ಲದು ಎಂದು ನೋಡಿದ್ದು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಿಕೊಳ್ಳಬಹುದು. ಮಧ್ಯಯುಗದ ಮಲೆನಾಡು ಎಂದರೆ ಕಾಫಿ ತೋಟ, ಹಸಿಮೆಣಸಿನಕಾಯಿಯ ಸಾರು ಎಂದು ಕಲ್ಪಿಸಿಕೊಂಡರೆ ಅದು ಸರಿಯಲ್ಲ. ಬಾಬಾಬುಡನ್ ಕಾಫಿ ಬೀಜ ತಂದ ಕಥೆಯೇ 17ನೇ ಶತಮಾನದ್ದು, ದೊಡ್ಡ ತೋಟಗಳು ಬಂದದ್ದು 19ನೇ ಶತಮಾನದಲ್ಲಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರು ಬಂದ ಮೇಲೆ ನಮ್ಮಲ್ಲಿಗೆ ಬಂದದ್ದು. ಅದಕ್ಕೆ ಮೊದಲು ಖಾರ ಎಂದರೆ ಕಾಳುಮೆಣಸೇ.

ಆಟ ಏನನ್ನು ಬಿಟ್ಟಿದೆ?

‘ಮೀಡಿವಲ್ ಡೈನಾಸ್ಟಿ’ಯಲ್ಲಿ ಒಂದು ಋತು ಎಂದರೆ ಸಾಮಾನ್ಯವಾಗಿ ಆಟದ ಮೂರು ದಿನ. ವರ್ಷ ಹನ್ನೆರಡು ದಿನಕ್ಕೆ ಮುಗಿಯುತ್ತದೆ. ವಸಂತದಲ್ಲಿ ಬಿತ್ತಿದ್ದನ್ನು ಅದೇ ಸಂಜೆ ಕೂತು ಕೊಯ್ಯಬಹುದು. ಅಡಿಕೆ ಸಸಿ ಫಸಲು ಕೊಡಲು ಐದರಿಂದ ಏಳು ವರ್ಷ ಬೇಕು. ಅಷ್ಟು ವರ್ಷ ಕಳೆ ತೆಗೆದು, ಗೊಬ್ಬರ ಹಾಕಿ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಕಾಯಬೇಕು. ಕೊನೆಗೆ ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಮಂಡಿಯ ದರ ಏನಿದೆಯೋ ಅದಕ್ಕೆ ಒಪ್ಪಬೇಕು.

ಈ ಮೂರೂ ತಾಲ್ಲೂಕುಗಳ ತೋಟಗಳಿಗೆ ಹಳದಿ ಎಲೆ ರೋಗ ಬಹುಕಾಲದಿಂದ ಕಾಡುತ್ತಿದೆ. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯ ಜೊತೆ ನಂಟಿರುವ ಈ ರೋಗವನ್ನು ಪೂರ್ತಿ ಗುಣಪಡಿಸುವ ಔಷಧ ಇಲ್ಲ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮರ ನಿಂತಿದ್ದರೂ ಕೊನೆ ಬರದ ತೋಟದ ಮನೆಯಲ್ಲಿ, ಕಾಲೇಜು ಮುಗಿಸಿ ಕೂತ ಹುಡುಗನ ಮೊಬೈಲ್‌ಗೆ “ಆಟ ಆಡಿ ಗಳಿಸಿ” ಎಂಬ ಸಂದೇಶ ಬಂದರೆ ಅದನ್ನು ಸೋಮಾರಿಯ ಆಸೆ ಎಂದು ತಳ್ಳಿಹಾಕುವಂತಿಲ್ಲ. ಅಲ್ಲಿ ಒಂದು ನಿಜವಾದ ಕಷ್ಟ ಇದೆ. ವಂಚಕರಿಗೆ ಬೇಕಾಗಿರುವುದೂ ಅದೇ.

ಆಡಿ ಗಳಿಸುವ ಆಟಗಳೇ ಇಲ್ಲವೇ?

ಇದ್ದವು, ಇವೆ. ವಿಯೆಟ್ನಾಂನ ಕಂಪನಿಯೊಂದರ ‘ಆಕ್ಸಿ ಇನ್ಫಿನಿಟಿ’ ಎಂಬ ಆಟದಿಂದ 2021ರಲ್ಲಿ ಫಿಲಿಪೀನ್ಸ್‌ನ ಸಾವಿರಾರು ಜನ ನಿಜವಾಗಿಯೂ ದುಡ್ಡು ಕಂಡರು. ಆದರೆ ಆಡಲು ಶುರುಮಾಡಬೇಕಾದರೆ ಮೂರು ಡಿಜಿಟಲ್ ಪ್ರಾಣಿಗಳನ್ನು ಕೊಳ್ಳಬೇಕಿತ್ತು. ಹಳಬರು ಗಳಿಸಿದ್ದು ಬಹುಪಾಲು ಹೊಸಬರು ತಂದು ಹಾಕಿದ ದುಡ್ಡು. ಹೊಸಬರ ಬರವು ಕಡಿಮೆಯಾದಂತೆ ಆಟದ ಟೋಕನ್ ಬೆಲೆ ಕುಸಿದು, 2022ರ ಮಧ್ಯದ ಹೊತ್ತಿಗೆ ಅಮೆರಿಕದ ಒಂದು ಸೆಂಟ್‌ಗಿಂತ ಕೆಳಗಿಳಿಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕಳ್ಳರು ಅದರ ಜಾಲಕ್ಕೆ ನುಗ್ಗಿ 60 ಕೋಟಿ ಡಾಲರ್‌ಗೂ ಹೆಚ್ಚಿನ ಮೌಲ್ಯದ ಕ್ರಿಪ್ಟೋ ಕದ್ದರು.

ಆಟದ ಸುತ್ತ ದುಡಿಯುವ ಪ್ರಾಮಾಣಿಕ ದಾರಿಗಳೂ ಉಂಟು. ಆಟ ತಯಾರಿಸುವುದು, ಅದರ ಚಿತ್ರ ಬಿಡಿಸುವುದು, ದೋಷ ಹುಡುಕುವುದು, ಆಡುತ್ತ ಯೂಟ್ಯೂಬ್‌ನಲ್ಲಿ ವಿವರಿಸುವುದು. ಇಲ್ಲೆಲ್ಲ ಯಾರು ಯಾವುದಕ್ಕಾಗಿ ದುಡ್ಡು ಕೊಡುತ್ತಿದ್ದಾರೆ ಎಂಬುದು ಸ್ಪಷ್ಟ. ಮತ್ತು ಇಲ್ಲೂ ಅಡಿಕೆಯ ಹಾಗೆ ಕಾಯಬೇಕು.

ಫಾರ್ವರ್ಡ್‌ನ ದುಡ್ಡು ಯಾರದು?

ಮೋಸದ ಆ್ಯಪ್‌ಗಳ ನಡೆ ಸಾಮಾನ್ಯವಾಗಿ ಒಂದೇ ಬಗೆಯದು. ಮೊದಲು ನೂರೋ ಇನ್ನೂರೋ ರೂಪಾಯಿ ನಿಜವಾಗಿಯೂ ನಿಮ್ಮ ಖಾತೆಗೆ ಬರುತ್ತದೆ. ಅದು ಮೀನಿಗೆ ಹಾಕುವ ಎರೆ. ಆಮೇಲೆ “ಹೆಚ್ಚು ಗಳಿಸಲು ಜಮೀನು ಕೊಳ್ಳಿ, ಲೆವೆಲ್ ಏರಿಸಿ” ಎಂದು ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಪರದೆಯ ಮೇಲೆ ನಿಮ್ಮ ಗಳಿಕೆ ಲಕ್ಷ ದಾಟುತ್ತದೆ. ತೆಗೆಯಲು ಹೋದರೆ “ಮೊದಲು ತೆರಿಗೆ ಕಟ್ಟಿ” ಎನ್ನುತ್ತಾರೆ. ಇದು ಶುದ್ಧ ಸುಳ್ಳು. ನಿಜವಾದ ಟಿಡಿಎಸ್ ನಿಮಗೆ ಬರಬೇಕಾದ ಹಣದಿಂದಲೇ ಕಡಿತವಾಗುತ್ತದೆ. ಅದಕ್ಕಾಗಿ ಮುಂಗಡ ಕಟ್ಟಿ ಎಂದು ಯಾರೂ ಕೇಳುವುದಿಲ್ಲ. ಪರದೆಯ ಆ ಲಕ್ಷ ರೂಪಾಯಿ ಆಟದ ನಾಣ್ಯದಷ್ಟೇ ಖಾಲಿ ಅಂಕಿ. ನೀವು ಕಟ್ಟಿದ ದುಡ್ಡು ಮಾತ್ರ ನಿಜವಾದದ್ದು.

ಕಾನೂನು ಕೂಡ ಈಗ ಖಡಕ್ಕಾಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ ಕೌಶಲದ್ದಾದರೂ ಅದೃಷ್ಟದ್ದಾದರೂ ಅದನ್ನು ನಡೆಸುವಂತಿಲ್ಲ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಜಾಹೀರಾತು ಮಾಡುವವರಿಗೂ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಬೆಲೆ ಕೊಟ್ಟು ಕೊಂಡು ಮನರಂಜನೆಗಾಗಿ ಆಡುವ ಆಟಗಳಿಗೆ ಈ ನಿಷೇಧವಿಲ್ಲ.

ಇಂಥ ಸಂದೇಶ ಬಂದರೆ ಏನು ಮಾಡಬೇಕು?

• ಲಿಂಕ್‌ನಿಂದ ಬರುವ ಎಪಿಕೆ ಫೈಲ್ ಹಾಕಿಕೊಳ್ಳಬೇಡಿ. ‘ಮೀಡಿವಲ್ ಡೈನಾಸ್ಟಿ’ ಕಂಪ್ಯೂಟರ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗೆಂದು ಬಂದ ಆಟ. ಅದರ ಹೆಸರಿನಲ್ಲಿ ವಾಟ್ಸಾಪ್‌ನಲ್ಲಿ ಓಡಾಡುವ ಫೈಲ್ ನಿಮ್ಮ ಎಸ್ಸೆಮ್ಮೆಸ್, ಒಟಿಪಿ ಓದುವ ಬಲೆಯಾಗಿರಬಹುದು.

• ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆಯೇ ಹೊರತು ಬರುವುದಿಲ್ಲ.

• ದುಡ್ಡು ಹೋಗಿದ್ದರೆ ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

• ಮನೆಯ ಮಕ್ಕಳು ಹಳ್ಳಿ ಕಟ್ಟುವ ಆಟ ಆಡುತ್ತಿದ್ದರೆ ಬೈಯಬೇಕಿಲ್ಲ. ಕಚ್ಚಾ ವಸ್ತುವಿಗಿಂತ ತಯಾರಾದ ಸಾಮಾನಿಗೆ ಬೆಲೆ ಹೆಚ್ಚು, ಚಳಿಗಾಲಕ್ಕೆ ಬೇಸಿಗೆಯಲ್ಲೇ ಕೂಡಿಡಬೇಕು ಎಂಬ ಪಾಠ ಅದರಲ್ಲಿದೆ. ‘ಈ ವ್ಯಾಪಾರಿಗೆ ದುಡ್ಡು ಎಲ್ಲಿಂದ ಬಂತು?’ ಎಂದು ಒಮ್ಮೆ ಅವರನ್ನೇ ಕೇಳಿ ನೋಡಿ.

ಮುಂದಿನ ಸಲ “ಸುಲಭವಾಗಿ ಗಳಿಸಿ” ಎಂಬ ಸಂದೇಶ ಬಂದಾಗ, ಹತ್ತು ಜನರಿಗೆ ಕಳಿಸುವ ಮೊದಲು ಆ ದುಡ್ಡು ಕೊಡುವವರು ಯಾರು, ಏಕೆ ಕೊಡುತ್ತಾರೆ ಎಂದು ಯೋಚಿಸಿ. ಉತ್ತರ ಸಿಗದಿದ್ದರೆ ಕೊಡುವವರು ನೀವೇ, ಇಲ್ಲವೇ ನೀವು ಫಾರ್ವರ್ಡ್ ಮಾಡಿದ ಆ ಹತ್ತು ಜನ.