ಥ್ರೋ-ಇನ್‌ಗೆ ಆಫ್‌ಸೈಡ್ ಇಲ್ಲ, ಆದರೆ ಎಲ್ಲಿಯವರೆಗೆ?

ನನಗೆ ಫುಟ್‌ಬಾಲ್ ಹುಚ್ಚು ಹತ್ತಿದ್ದು 2018ರ ಮಾರ್ಚ್‌ನಲ್ಲಿ. ಐಎಸ್‌ಎಲ್ ಸೆಮಿಫೈನಲ್‌ನ ಮೊದಲ ಪಂದ್ಯ ನಮ್ಮ ಬಾಲೇವಾಡಿಯಲ್ಲಿ ನಡೆದು, ಬೆಂಗಳೂರು ಎಫ್‌ಸಿ ಪುಣೆ ಸಿಟಿ ಎದುರು ಗೋಲಿಲ್ಲದೆ ಡ್ರಾ ಮಾಡಿಕೊಂಡಿತು. ನಾಲ್ಕು ದಿನ ಬಿಟ್ಟು ಬೆಂಗಳೂರಿನಲ್ಲಿ ಸುನಿಲ್ ಛೇತ್ರಿ ಮೂರು ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಒಯ್ದರು. ಈಗ ಪುಣೆ ಸಿಟಿ ತಂಡವೇ ಇಲ್ಲ. ಹುಚ್ಚು ಮಾತ್ರ ಅಕ್ಕನ ಮಗನಿಗೂ ದಾಟಿದೆ.

ಹೋದ ತಿಂಗಳು ಅವನ ತಂಡ ಒಂದು ಟೂರ್ನಿಯಿಂದ ಹೊರಬಿತ್ತು. ಕೊನೆ ಗಳಿಗೆಯಲ್ಲಿ ಅವನು ಹೊಡೆದ ಗೋಲನ್ನು ರೆಫ್ರಿ ಆಫ್‌ಸೈಡ್ ಎಂದು ತಳ್ಳಿಹಾಕಿದ. "ಮಾಮ, ಥ್ರೋ-ಇನ್‌ಗೆ ಆಫ್‌ಸೈಡ್ ಇಲ್ಲ ತಾನೆ?" ಅಂತ ಹುಡುಗನ ಅಳು. ಗೆರೆಯಾಚೆ ನಿಂತ ಅಪ್ಪಂದಿರು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ರೆಫ್ರಿ ಮೇಲೆ ಹರಿಹಾಯ್ದರು. ಅವನೂ ಕಾಲೇಜು ಹುಡುಗ, ಪಾಪ. ತೀರ್ಪು ಮಾತ್ರ ಸರಿಯಾಗಿಯೇ ಇತ್ತು.

ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತಲೂ ಅವರ ಕೊನೆಯಿಂದ ಎರಡನೇ ಆಟಗಾರನಿಗಿಂತಲೂ ಮುಂದೆ ಇದ್ದರೆ ಅದು ಆಫ್‌ಸೈಡ್ ಜಾಗ. ಅಲ್ಲಿ ನಿಲ್ಲುವುದು ತಪ್ಪಲ್ಲ, ನಿಂತು ಆಟದಲ್ಲಿ ಕೈಹಾಕುವುದು ತಪ್ಪು. (ಕೈ ಅಂದರೆ ಕಾಲು!) 1920ರಿಂದ ಥ್ರೋ-ಇನ್‌ಗೆ ಇದರಿಂದ ವಿನಾಯಿತಿ ಇದೆ. ಗೋಲ್ ಕಿಕ್, ಕಾರ್ನರ್ ಕಿಕ್‌ಗೂ ಇದೆ. ನನ್ನ ಪ್ರಕಾರ ಇದು ನ್ಯಾಯವೇ: ಎಸೆಯುವವನು ಗೆರೆಯ ಹತ್ತಿರ ಸಿಕ್ಕಿಕೊಂಡಿರುತ್ತಾನೆ, ಮೈದಾನದೊಳಗೆ ಅವರ ಕಡೆ ಒಬ್ಬ ಕಡಿಮೆ.

ಆದರೆ ವಿನಾಯಿತಿ ಇರುವುದು ಎಸೆದವನ ಕೈಯಿಂದ ನೇರವಾಗಿ ಬಂದ ಚೆಂಡಿಗೆ. ನಡುವೆ ನಮ್ಮವನೊಬ್ಬನ ತಲೆಗೆ ಸವರಿದರೂ ಸಾಕು, ಆ ಕ್ಷಣಕ್ಕೆ ಯಾರು ಎಲ್ಲಿದ್ದರು ಅನ್ನುವ ಲೆಕ್ಕ ಶುರು. ಆಗಿದ್ದೂ ಅದೇ. ಗೆಳೆಯ ಹೆಡ್ ಮಾಡಿದಾಗ ನಮ್ಮ ಹುಡುಗ ಗೋಲಿಯೊಬ್ಬನನ್ನು ಬಿಟ್ಟು ಎಲ್ಲರನ್ನೂ ದಾಟಿ ನಿಂತಿದ್ದ. ಐದೈದು ಜನರ ಪುಟ್ಟ ಟರ್ಫ್‌ಗಳಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ ನೋಡುವುದೇ ಇಲ್ಲ. ಅಲ್ಲಿ ಬೆಳೆದ ಮಕ್ಕಳಿಗೆ ದೊಡ್ಡ ಮೈದಾನದಲ್ಲಿ ಇದು ಹೊಳೆಯುವುದು ಹೇಗೆ?

ಇನ್ನೂ ಮೋಸದ ಜಾಗ ಎಸೆದವನದ್ದೇ. ಗೋಲ್ ಗೆರೆಯ ಹತ್ತಿರ ಥ್ರೋ ಸಿಕ್ಕಿದೆ, ಗೆಳೆಯನಿಗೆ ಎಸೆದು ನೀವು ಒಳಗೆ ಬರುತ್ತೀರಿ, ಅವನು ಚೆಂಡನ್ನು ವಾಪಸ್ ನಿಮಗೇ ಕೊಡುತ್ತಾನೆ. ಅಷ್ಟರಲ್ಲಿ ಡಿಫೆಂಡರುಗಳು ನಿಮ್ಮನ್ನು ಬಿಟ್ಟು ಮುಂದೆ ಸರಿದಿದ್ದರೆ ಫ್ಲ್ಯಾಗ್ ಮೇಲೇಳುತ್ತದೆ. ಈ ಭಾನುವಾರ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಇದನ್ನೇ ಚಪ್ಪಲಿ, ನೀರಿನ ಬಾಟಲಿ ಸಾಲಾಗಿಟ್ಟು ತೋರಿಸಿದೆ. ಅಪ್ಪಂದಿರೂ ಇಬ್ಬರು ಬಂದು ನಿಂತಿದ್ದರು.