ಜೀರ್ಣವಾಗದ ಸಕ್ಕರೆ

ಮಂಗಳೂರಿನ ಫಳ್ನೀರಿನಲ್ಲಿ ಆಸ್ಪತ್ರೆಗಳಿಗೂ ಔಷಧದ ಅಂಗಡಿಗಳಿಗೂ ಕೊರತೆಯಿಲ್ಲ. ಅಲ್ಲಿನ ಅಂಗಡಿಗಳಲ್ಲಿ ಲ್ಯಾಕ್ಟುಲೋಸ್ ಎಂಬ ಔಷಧದ ಸೀಸೆ ಸುಲಭವಾಗಿ ಸಿಕ್ಕುತ್ತದೆ. ಜೋನಿಬೆಲ್ಲದಂತೆ ಅಂಟುವ, ಸಿಹಿಯಾದ, ಮಂದ ದ್ರವ. ಮಲಬದ್ಧತೆಯಿಂದ ಬಳಲುವ ಮುದುಕರಿಗೂ ಮಕ್ಕಳಿಗೂ ಬಸುರಿಯರಿಗೂ ವೈದ್ಯರು ಇದನ್ನು ಬರೆದುಕೊಡುವುದುಂಟು. ಅದೇ ಸೀಸೆಯನ್ನು, ಯಕೃತ್ತು ಕೆಟ್ಟು ಬುದ್ಧಿ ಮಂಕಾದ ರೋಗಿಗೂ ಬರೆದುಕೊಡುತ್ತಾರೆ. ಹೊಟ್ಟೆಯನ್ನು ಸಡಿಲಗೊಳಿಸುವ ಸಕ್ಕರೆಪಾಕಕ್ಕೂ ಮನುಷ್ಯನ ಬುದ್ಧಿಗೂ ಏನು ಸಂಬಂಧ? ಈ ಪ್ರಶ್ನೆಯನ್ನು ನಾನು ಕೇಳಿಕೊಳ್ಳಬೇಕಾಗಿದ್ದ ಕಾಲದಲ್ಲಿ ಕೇಳಿಕೊಳ್ಳಲಿಲ್ಲ. ಅದರ ಫಲವನ್ನು ನನ್ನ ಸೋದರಮಾವ ಅನುಭವಿಸಿದರು.

ಮಾವ ಫಳ್ನೀರಿನಲ್ಲಿ ವಾಸವಾಗಿರುವವರು. ಹೆಂಚಿನ ಕಾರ್ಖಾನೆಯೊಂದರಲ್ಲಿ ಬಹುಕಾಲ ಲೆಕ್ಕ ಬರೆದವರು. ಅವರ ಅಂಕಿಗಳು ಅಚ್ಚಿನಲ್ಲಿ ಹೊಯ್ದಂತೆ ಇರುತ್ತಿದ್ದವು. ಸಿಹಿಮೂತ್ರ ರೋಗದ ಜೊತೆಗೆ ಬಂದ ಕೊಬ್ಬಿನಿಂದ ಅವರ ಯಕೃತ್ತು ನಿಧಾನವಾಗಿ ಗಟ್ಟಿಯಾಯಿತು. ಇದನ್ನು ವೈದ್ಯರು ಸಿರೋಸಿಸ್ ಎನ್ನುತ್ತಾರೆ. ಮದ್ಯವನ್ನು ಮೂಸಿಯೂ ನೋಡದ ಮನುಷ್ಯ. ಆದರೂ ‘ಲಿವರ್ ಕಾಯಿಲೆಯಂತೆ’ ಎಂದೊಡನೆ ನೆರೆಯವರು ಹುಬ್ಬೇರಿಸಿದ್ದುಂಟು. ಮದ್ಯಪಾನವಲ್ಲದೆ ಕೊಬ್ಬು, ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು ಇವೂ ಯಕೃತ್ತನ್ನು ಇದೇ ಸ್ಥಿತಿಗೆ ತರಬಲ್ಲವು ಎಂಬುದನ್ನು ಜನ ಇನ್ನೂ ತಿಳಿಯಬೇಕಾಗಿದೆ.

ವೈದ್ಯರು ಕೊಟ್ಟ ಔಷಧಗಳಲ್ಲಿ ಲ್ಯಾಕ್ಟುಲೋಸ್ ಒಂದು. ಒಮ್ಮೆ ಮದುವೆಗೆಂದು ಪರವೂರಿಗೆ ಹೊರಟಾಗ, ಪ್ರಯಾಣದಲ್ಲಿ ಪದೇ ಪದೇ ಶೌಚಕ್ಕೆ ಹೋಗಬೇಕಾದೀತೆಂದು ಮಾವನಿಗೆ ಸಂಕೋಚವಾಯಿತು. “ನೀನು ಓದಿದವನು, ನೋಡು ಮಾರಾಯ, ಇದನ್ನು ನಾಲ್ಕು ದಿನ ಬಿಡಬಹುದೋ?” ಎಂದು ಸೀಸೆಯನ್ನು ನನ್ನ ಕೈಗೆ ಕೊಟ್ಟರು. ನಾನು ಚೀಟಿಯನ್ನು ಓದಿದೆ. ಭೇದಿ ಔಷಧವೆಂದು ಕಂಡಿತು. “ಮಲಬದ್ಧತೆ ಇಲ್ಲವಲ್ಲ ಮಾವ, ಬಿಟ್ಟರೆ ನಷ್ಟವೇನು?” ಎಂದುಬಿಟ್ಟೆ. ಭೌತವಿಜ್ಞಾನ ಕಲಿಸುವವನು ವೈದ್ಯಶಾಸ್ತ್ರದಲ್ಲಿಯೂ ಅಭಿಪ್ರಾಯ ಕೊಡುವುದು ನಮ್ಮ ನಾಡಿನಲ್ಲಿ ಅಪರೂಪವಲ್ಲ.

ಮದುವೆ ಮುಗಿಸಿ ಬಂದ ಮೇಲೆ ಮಾವ ಹಗಲೆಲ್ಲ ನಿದ್ರಿಸತೊಡಗಿದರು. ರಾತ್ರಿ ಎದ್ದು ಕುಳಿತಿರುತ್ತಿದ್ದರು. ಪ್ರಯಾಣದ ಆಯಾಸವೆಂದುಕೊಂಡೆವು. ಮರುದಿನ ಅಂಗಿಯನ್ನು ತಿರುವುಮುರುವಾಗಿ ತೊಟ್ಟರು. ಹಾಲಿನವನ ಲೆಕ್ಕ ಕೂಡಿಸಲು ಕುಳಿತವರು ಅರ್ಧಕ್ಕೆ ನಿಲ್ಲಿಸಿ ಗೋಡೆಯನ್ನು ನೋಡುತ್ತಿದ್ದರು. ಸಂಜೆ ಅತ್ತೆ ಚೆಕ್ಕಿಗೆ ರುಜು ಹಾಕಿಸಲು ಹೋದಾಗ, ಕಾಗದದ ಮೇಲೆ ಬಿದ್ದದ್ದು ರುಜುವಲ್ಲ, ಸೊಟ್ಟಗೆರೆಗಳ ಗುಂಪು. ಚಾಚಿದ ಕೈಗಳು ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳುತ್ತಿದ್ದವು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ: “ಲ್ಯಾಕ್ಟುಲೋಸ್ ನಿಲ್ಲಿಸಿದಿರಾ?”

ಈ ಔಷಧದ ಕಥೆ ಹಾಲಿನಿಂದ ಮೊದಲಾಗುತ್ತದೆ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 5 ಭಾಗ ಲ್ಯಾಕ್ಟೋಸ್, ಎಂದರೆ ಹಾಲಿನ ಸಕ್ಕರೆ, ಇರುತ್ತದೆ. ಗ್ಯಾಲಕ್ಟೋಸ್ ಮತ್ತು ಗ್ಲೂಕೋಸ್ ಎಂಬ ಎರಡು ಸಣ್ಣ ಸಕ್ಕರೆಗಳು ಕೈಹಿಡಿದುಕೊಂಡರೆ ಲ್ಯಾಕ್ಟೋಸ್ ಆಗುತ್ತದೆ. ಇದನ್ನು ಸುಣ್ಣದ ತಿಳಿನೀರಿನಂಥ ಕ್ಷಾರದಲ್ಲಿ ಇಟ್ಟರೆ, ಜೋಡಿಯಲ್ಲಿರುವ ಗ್ಲೂಕೋಸು ತನ್ನ ಪರಮಾಣುಗಳ ಜಾಗವನ್ನು ತುಸು ಬದಲಿಸಿಕೊಂಡು ಫ್ರಕ್ಟೋಸ್ ಆಗುತ್ತದೆ. ಹೊಸದಾಗಿ ಪರಮಾಣು ಸೇರಲಿಲ್ಲ, ಇದ್ದುದು ಹೋಗಲೂ ಇಲ್ಲ. ಇಂಗಾಲ 12, ಜಲಜನಕ 22, ಆಮ್ಲಜನಕ 11, ಲೆಕ್ಕ ಮೊದಲಿನದೇ. ಆದರೆ ವಸ್ತು ಬೇರೆ: ಅದೇ ಲ್ಯಾಕ್ಟುಲೋಸ್. ಅಮೆರಿಕದ ಮಾಂಟ್ಗೊಮರಿ ಮತ್ತು ಹಡ್ಸನ್ ಎಂಬ ರಸಾಯನಜ್ಞರು ಇದನ್ನು ತಯಾರಿಸಿದ ವಿವರವನ್ನು 1930ರಲ್ಲಿ ಪ್ರಕಟಿಸಿದರು. ಔಷಧ ಮಾಡುವ ಉದ್ದೇಶ ಅವರಿಗಿರಲಿಲ್ಲ. ಸಕ್ಕರೆಗಳ ರಚನೆಯನ್ನು ತಿಳಿಯುವುದೇ ಅವರ ಗುರಿಯಾಗಿತ್ತು.

ಹಾಲನ್ನು ಬಿಸಿಮಾಡುವಾಗಲೂ ಇದು ಅಲ್ಪಸ್ವಲ್ಪ ಹುಟ್ಟುತ್ತದೆ. ಹಸಿಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಮೆ. ಗುಡ್‌ಲೈಫ್ ಮೊದಲಾದ, ಹೆಚ್ಚು ಉಷ್ಣತೆಯಲ್ಲಿ ಕ್ಷಣಕಾಲ ಕಾಯಿಸಿ ತುಂಬಿದ ಹಾಲಿನಲ್ಲಿ ಸ್ವಲ್ಪ. ಸೀಸೆಯಲ್ಲಿಯೇ ಬಹಳ ಹೊತ್ತು ಕಾಯಿಸಿದ ಹಾಲಿನಲ್ಲಿ ಇನ್ನೂ ಹೆಚ್ಚು. ಹಾಲನ್ನು ಎಷ್ಟು ಕಾಯಿಸಿದ್ದಾರೆಂದು ಅಳೆಯಲು ಇದೇ ಗುರುತಾಗಿದೆ. ಲೀಟರಿಗೆ 600 ಮಿಲಿಗ್ರಾಮಿನ ಗೆರೆಯನ್ನು ಮೀರಿದರೆ ಅದು ಕ್ಷಣಕಾಲ ಕಾಯಿಸಿದ ಹಾಲಲ್ಲವೆಂದು ತಿಳಿಯುವುದು ವಾಡಿಕೆ. ಹಾಗೆಂದು ಯಾರೂ ಹಾಲನ್ನೇ ಔಷಧವಾಗಿ ಕುಡಿಯಹೊರಡಬಾರದು; ಒಂದು ಹೊತ್ತಿನ 10 ಗ್ರಾಮಿಗೆ ಅಂಥ ಹಾಲು ಸುಮಾರು 17 ಲೀಟರ್ ಬೇಕಾದೀತು!

ನಮ್ಮ ಸಣ್ಣಕರುಳಿನಲ್ಲಿರುವ ಕಿಣ್ವಗಳು ಲ್ಯಾಕ್ಟೋಸನ್ನು ಒಡೆಯಬಲ್ಲವು, ಲ್ಯಾಕ್ಟುಲೋಸನ್ನು ಒಡೆಯಲಾರವು. ಒಡೆಯದ ಜೋಡಿಸಕ್ಕರೆ ಕರುಳಿನ ಗೋಡೆಯನ್ನು ದಾಟದು. ಆದ್ದರಿಂದ ಕುಡಿದುದು ಹೆಚ್ಚುಕಡಮೆ ಪೂರ್ತಿಯಾಗಿ ದೊಡ್ಡಕರುಳನ್ನು ಸೇರುತ್ತದೆ. ದೊಡ್ಡವರಾದ ಮೇಲೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವ ಜನ ನಮ್ಮಲ್ಲಿ ಬಹಳವಿದ್ದಾರೆ. ಅವರ ಕರುಳಿನಲ್ಲಿ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವೂ ಕಡಮೆಯಾಗಿರುತ್ತದೆ. ಲ್ಯಾಕ್ಟುಲೋಸ್ ಎಲ್ಲರಲ್ಲಿಯೂ ಉಂಟುಮಾಡುವ ಪರಿಣಾಮವನ್ನು ಅವರಲ್ಲಿ ಬರಿಯ ಹಾಲೇ ಮಾಡುತ್ತದೆ.

ದೊಡ್ಡಕರುಳಿನಲ್ಲಿ ಅದರ ಮೊದಲನೆಯ ಕೆಲಸವು ನನ್ನ ಶಾಸ್ತ್ರಕ್ಕೆ ಸೇರಿದುದು. ಬೇಸಗೆಯಲ್ಲಿ ನಮ್ಮೂರ ಹೆಂಗಸರು ಹಲಸಿನ ಸೊಳೆಗೆ ಉಪ್ಪು ಬೆರಸಿ ಭರಣಿಯಲ್ಲಿ ತುಂಬಿಡುತ್ತಾರೆ. ನೀರು ಹಾಕದಿದ್ದರೂ ಕೆಲವು ದಿನಗಳಲ್ಲಿ ಭರಣಿಯಲ್ಲಿ ನೀರು ನಿಲ್ಲುತ್ತದೆ. ಉಪ್ಪಿನ ಸಾಂದ್ರತೆ ಹೊರಗೆ ಹೆಚ್ಚಾದುದರಿಂದ ಸೊಳೆಯೊಳಗಿನ ನೀರು ಹೊರಕ್ಕೆ ಬಂದಿತು. ಇದೇ ಅಭಿಸರಣ. ಲ್ಯಾಕ್ಟುಲೋಸಿನ ಅಣುಭಾರ 342. ಮೂರು ಟೀ ಚಮಚ, ಎಂದರೆ 15 ಮಿಲಿಲೀಟರ್ ಔಷಧದಲ್ಲಿ 10 ಗ್ರಾಮ್ ಸಕ್ಕರೆಯಿದೆ, ಅದು 0.029 ಮೋಲ್. ನಮ್ಮ ರಕ್ತದಲ್ಲಿ ಲೀಟರಿಗೆ ಸುಮಾರು 0.29 ಮೋಲಿನಷ್ಟು ಕಣಗಳು ಕರಗಿವೆ. ಕರುಳಿನ ದ್ರವ ಇದಕ್ಕೆ ಸಮನಾಗುವವರೆಗೆ ನೀರು ಹರಿಯುವುದರಿಂದ, 10 ಗ್ರಾಮ್ ಸಕ್ಕರೆ ಸುಮಾರು 100 ಮಿಲಿಲೀಟರ್ ನೀರನ್ನು ಹಿಡಿದಿಡುತ್ತದೆ. ಅಲ್ಪವೆನ್ನಬೇಡಿ. ಆರೋಗ್ಯವಂತನ ಮಲದೊಡನೆ ದಿನಕ್ಕೆ ಹೊರಹೋಗುವ ನೀರು 100ರಿಂದ 200 ಮಿಲಿಲೀಟರ್ ಮಾತ್ರ. ಈ ಸಾಂದ್ರತೆಯ ಅಭಿಸರಣ ಒತ್ತಡವನ್ನು ದೇಹದ ಉಷ್ಣತೆಯಲ್ಲಿ ಗುಣಿಸಿ ನೋಡಿದರೆ ಏಳು ವಾಯುಭಾರಕ್ಕಿಂತ ಹೆಚ್ಚು ಬರುತ್ತದೆ. ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಒಡೆದಂತೆ ಕಣಗಳ ಸಂಖ್ಯೆ ಹೆಚ್ಚುವುದುಂಟು. ಹಾಗೆ ಹುಟ್ಟಿದ ಆಮ್ಲಗಳಲ್ಲಿ ಬಹುಭಾಗವನ್ನು ಕರುಳು ಹೀರಿಕೊಳ್ಳುವುದೂ ಉಂಟು. ಆದಕಾರಣ ನನ್ನ ಲೆಕ್ಕ ಅಂದಾಜಿನದೇ.

ಎರಡನೆಯ ಕೆಲಸಕ್ಕೆ ಬರುವ ಮುನ್ನ ಯಕೃತ್ತಿನ ಕಡೆ ನೋಡಬೇಕು. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಸಿರೆ ಎಂಬ ದೊಡ್ಡ ನಾಳದ ಮೂಲಕ ಮೊದಲು ಯಕೃತ್ತಿಗೆ ಹೋಗುತ್ತದೆ. ಸುಂಕದ ಕಟ್ಟೆಯಲ್ಲಿ ಗಾಡಿ ನಿಲ್ಲಿಸಿ ತಪಾಸಣೆ ಮಾಡುವಂತೆ. ಅಲ್ಲಿ ಹಿಡಿದಿಡಬೇಕಾದ ಸರಕುಗಳಲ್ಲಿ ಅಮೋನಿಯ ಮುಖ್ಯವಾದುದು. ಪ್ರೋಟೀನು ಕೊಳೆತಾಗ, ಯೂರಿಯ ಒಡೆದಾಗ ಕರುಳಿನ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ಉತ್ಪತ್ತಿಮಾಡುತ್ತವೆ. ಕರುಳಿನ ಗೋಡೆಯ ಜೀವಕೋಶಗಳೂ ಅದಕ್ಕೆ ತಮ್ಮ ಪಾಲನ್ನು ಸೇರಿಸುತ್ತವೆ. ಆರೋಗ್ಯವಂತ ಯಕೃತ್ತು ಅದನ್ನು ಯೂರಿಯವಾಗಿ ಮಾರ್ಪಡಿಸುತ್ತದೆ. ಈ ರಾಸಾಯನಿಕ ಚಕ್ರವನ್ನು 1932ರಲ್ಲಿ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ಬಿಡಿಸಿ ತೋರಿಸಿದರು. ಸಿರೋಸಿಸ್ ಆದ ಯಕೃತ್ತಿನಲ್ಲಿ ಕೆಲಸಗಾರ ಜೀವಕೋಶಗಳೂ ಕಡಮೆ. ಗಟ್ಟಿಯಾದ ಅಂಗವನ್ನು ಹೊಗಲಾರದೆ ರಕ್ತವೂ ಅಡ್ಡದಾರಿ ಹಿಡಿಯುತ್ತದೆ. ಸುಂಕದ ಕಟ್ಟೆಯನ್ನು ತಪ್ಪಿಸಿದ ಅಮೋನಿಯ ಮಿದುಳನ್ನು ತಲಪುತ್ತದೆ.

ಇದು ಊಹೆಯಲ್ಲ. 1893ರಲ್ಲಿ ರಷ್ಯದ ಪಾವ್ಲೋವ್ ಮತ್ತು ಅವನ ಸಂಗಡಿಗರು, ಪೋರ್ಟಲ್ ಸಿರೆಯ ರಕ್ತ ಯಕೃತ್ತನ್ನು ಬಿಟ್ಟು ಹೋಗುವಂತೆ ಶಸ್ತ್ರಕ್ರಿಯೆ ಮಾಡಿದ ನಾಯಿಗಳನ್ನು ವರ್ಣಿಸಿದರು. ಆ ನಾಯಿಗಳು ಮಾಂಸ ತಿಂದ ಮೇಲೆ ದಿಕ್ಕುಗೆಟ್ಟು ಅಲೆಯುತ್ತಿದ್ದವು. ಕೆಲವು ಎಚ್ಚರ ತಪ್ಪುತ್ತಿದ್ದವು. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯ ಪಾವ್ಲೋವನೇ ಈತ.

ಮಿದುಳಿನಲ್ಲಿ ಅಮೋನಿಯ ಮಾಡುವ ಕೇಡಿನಲ್ಲಿಯೂ ಅಭಿಸರಣದ ಪಾತ್ರವುಂಟೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಅಲ್ಲಿನ ನಕ್ಷತ್ರಾಕಾರದ ಪೋಷಕ ಜೀವಕೋಶಗಳು ಅಮೋನಿಯವನ್ನು ಗ್ಲುಟಮೀನ್ ಎಂಬ ವಸ್ತುವಾಗಿ ಮಾಡಿ ಒಳಗಿಟ್ಟುಕೊಳ್ಳುತ್ತವೆ. ಗ್ಲುಟಮೀನ್ ಕೂಡಿದಂತೆ ನೀರು ಒಳನುಗ್ಗಿ ಜೀವಕೋಶ ಊದಿಕೊಳ್ಳುತ್ತದೆ. ಕರುಳಿನಲ್ಲಿ ಯಾವ ನಿಯಮ ಮದ್ದಾಯಿತೋ ಮಿದುಳಿನಲ್ಲಿ ಅದೇ ನಿಯಮ ವಿಷವಾಗುತ್ತದೆ.

ಈಗ ಲ್ಯಾಕ್ಟುಲೋಸಿನ ಎರಡನೆಯ ಕೆಲಸ. ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಲ್ಯಾಕ್ಟಿಕ್, ಅಸಿಟಿಕ್ ಮೊದಲಾದ ಆಮ್ಲಗಳನ್ನೂ ಅನಿಲವನ್ನೂ ಹುಟ್ಟಿಸುತ್ತವೆ. ಹೊಟ್ಟೆಯುಬ್ಬರಕ್ಕೆ ಕಾರಣ ಆ ಅನಿಲವೇ. ಆಮ್ಲದಿಂದ ಒಳಗಿನ ಪಿಎಚ್ ಸುಮಾರು 7ರಿಂದ 5ರ ಕಡೆಗೆ ಇಳಿಯುತ್ತದೆ. ಅಮೋನಿಯಕ್ಕೆ ಎರಡು ರೂಪಗಳಿವೆ: ವಿದ್ಯುದಂಶವಿಲ್ಲದ ಅಮೋನಿಯ, ಮತ್ತು ಜಲಜನಕದ ಅಯಾನೊಂದನ್ನು ಹೊತ್ತ ಅಮೋನಿಯಂ. ಜೀವಕೋಶದ ಪೊರೆ ಕೊಬ್ಬಿನಿಂದಾದುದು. ವಿದ್ಯುದಂಶ ಹೊತ್ತವನಿಗೆ ಅಲ್ಲಿ ಸುಲಭವಾಗಿ ದಾರಿಯಿಲ್ಲ. ಆಷಾಢದ ಮಳೆಯಲ್ಲಿ ಬಿಚ್ಚಿದ ಕೊಡೆಯೊಡನೆ ಸಿಟಿ ಬಸ್ಸಿನ ಬಾಗಿಲು ಹೊಗಲು ಯತ್ನಿಸಿದವರಿಗೆ ಈ ಕಷ್ಟ ಗೊತ್ತು. ಪಿಎಚ್ 7ರಲ್ಲಿ ನೂರು ಅಣುಗಳಿಗೆ ಸುಮಾರು ಒಂದು ಕೊಡೆಯಿಲ್ಲದೆ ಇರುತ್ತದೆ. 5ರಲ್ಲಿ ಹತ್ತುಸಾವಿರಕ್ಕೆ ಒಂದು. ಹೀಗೆ ಅಮೋನಿಯಂ ಕರುಳಿನಲ್ಲಿಯೇ ಸೆರೆಯಾಗಿ ಮಲದೊಡನೆ ಹೋಗುತ್ತದೆ. ಇದಲ್ಲದೆ, ಸಕ್ಕರೆ ತಿಂದು ವೃದ್ಧಿಸುವ ಬ್ಯಾಕ್ಟೀರಿಯಾಗಳು ತಮ್ಮ ಮೈ ಕಟ್ಟಲು ಅಮೋನಿಯವನ್ನು ಬಳಸಿಕೊಳ್ಳುತ್ತವೆ. ಮಲಬದ್ಧತೆ ಈ ರೋಗಿಗಳಿಗೆ ಬರಿಯ ಅಸೌಖ್ಯವಲ್ಲ, ಅಪಾಯ; ಒಳಗೆ ನಿಂತಷ್ಟು ಹೊತ್ತೂ ಅಮೋನಿಯದ ಉತ್ಪಾದನೆ ನಡೆಯುತ್ತಲೇ ಇರುತ್ತದೆ. ನಾನು ಬೇರೆಬೇರೆಯೆಂದು ತಿಳಿದಿದ್ದ ಎರಡು ರೋಗಗಳು ಇಲ್ಲಿ ಒಂದೇ ಎಳೆಯಲ್ಲಿ ಸೇರಿಕೊಂಡಿದ್ದವು.

ಔಷಧವಾಗಿ ಇದರ ಬಳಕೆ ಶಿಶುಗಳಿಂದ ಮೊದಲಾಯಿತು. ಎದೆಹಾಲು ಕುಡಿಯುವ ಕೂಸಿನ ಕರುಳಿನಲ್ಲಿ ಬಿಫಿಡೋ ಜಾತಿಯ ಬ್ಯಾಕ್ಟೀರಿಯಾಗಳು ಹೇರಳ. ಸೀಸೆಹಾಲಿನ ಮಕ್ಕಳಲ್ಲಿಯೂ ಅವನ್ನು ಬೆಳೆಸುವ ವಸ್ತು ಲ್ಯಾಕ್ಟುಲೋಸ್ ಎಂದು ಆಸ್ಟ್ರಿಯದ ಪೆಟ್ಯೂಲಿ 1957ರಲ್ಲಿ ತಿಳಿಸಿದನು. ಎರಡು ವರ್ಷಗಳಲ್ಲಿ ಅದು ದೊಡ್ಡವರ ಮಲಬದ್ಧತೆಗೂ ಮದ್ದಾಯಿತು. 1966ರಲ್ಲಿ ಸ್ವಿಟ್ಜರ್ಲೆಂಡಿನ ಬಿರ್ಖರ್ ಮತ್ತು ಅವನ ಸಹೋದ್ಯೋಗಿಗಳು ಯಕೃತ್ತಿನಿಂದ ಬುದ್ಧಿ ಮಂಕಾದ ರೋಗಿಗಳಿಗೆ ಇದನ್ನು ಕೊಟ್ಟು ಗುಣ ಕಂಡುದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಮಾಡಿದರು.

ಆಮೇಲೆ ಎಲ್ಲೆಡೆ ಬಳಕೆಗೆ ಬಂದ ಈ ಔಷಧದ ಮೇಲೆ 2004ರಲ್ಲಿ ಸಂಶಯದ ನೆರಳು ಬಿದ್ದಿತು. ಅದುವರೆಗಿನ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಡೆನ್ಮಾರ್ಕಿನ ಸಂಶೋಧಕರು, ಇದು ಉಪಯುಕ್ತವೆನ್ನಲು ಸಾಕಷ್ಟು ಆಧಾರವಿಲ್ಲವೆಂದರು. ಉತ್ತರಕ್ಕೆ ನೆರವಾದವರಲ್ಲಿ ಭಾರತದ ವೈದ್ಯರು ಮುಂದಿನ ಸಾಲಿನವರು. ದೆಹಲಿಯ ಜಿ. ಬಿ. ಪಂತ್ ಆಸ್ಪತ್ರೆಯ ಶರ್ಮ ಮತ್ತು ಸಂಗಡಿಗರು, ಒಮ್ಮೆ ಈ ಮಂಕಿಗೆ ತುತ್ತಾಗಿ ಚೇತರಿಸಿಕೊಂಡವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲ್ಯಾಕ್ಟುಲೋಸ್ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಿದರು. 2009ರಲ್ಲಿ ಪ್ರಕಟವಾದ ಫಲ ಇದು: ಔಷಧ ಪಡೆದ 61 ಜನರಲ್ಲಿ 12 ಮಂದಿಗೆ ರೋಗ ಮರುಕಳಿಸಿತು, ಪಡೆಯದ 64ರಲ್ಲಿ 30 ಮಂದಿಗೆ. 2016ರಲ್ಲಿ ಮತ್ತೆ ತೂಗಿ ನೋಡಿದಾಗ ಹಳೆಯ ಸಂಶಯ ಹಿಂದೆ ಸರಿಯಿತು.

ಹಾಗಿದ್ದರೂ ಮೇಲೆ ವಿವರಿಸಿದ ಕೊಡೆಯ ಸಿದ್ಧಾಂತವೇ ಪೂರ್ಣಸತ್ಯವೆಂದು ಹೇಳಲು ನಾನು ಹಿಂಜರಿಯುತ್ತೇನೆ. 2014ರಲ್ಲಿ ಅಮೆರಿಕದಲ್ಲಿ 50 ರೋಗಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಆಮ್ಲವನ್ನು ಹುಟ್ಟಿಸದೆ ಕರುಳನ್ನು ತೊಳೆದುಬಿಡುವ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಮೊದಲ 24 ಗಂಟೆಗಳಲ್ಲಿ ಲ್ಯಾಕ್ಟುಲೋಸಿಗಿಂತ ಬೇಗ ಗುಣ ತೋರಿಸಿತು. ಹಾಗಾದರೆ ಸೆರೆಹಿಡಿಯುವುದಕ್ಕಿಂತ ಹೊರದೂಡುವುದೇ ಮುಖ್ಯವೇ? ಒಂದು ಚಿಕ್ಕ ಪ್ರಯೋಗದಿಂದ ತೀರ್ಮಾನಿಸುವಂತಿಲ್ಲ.

ಪ್ರಮಾಣದ ಮಾತು ವೈದ್ಯರಿಗೇ ಸೇರಿದ್ದು. ಯಕೃತ್ತಿನ ರೋಗಿಗೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗುವಂತೆ ಅದನ್ನು ಹೊಂದಿಸುತ್ತಾರೆ. ಕಡಮೆಯಾದರೆ ಅಮೋನಿಯ ಕೂಡುತ್ತದೆ. ವಿಪರೀತವಾದರೆ ನೀರೂ ಲವಣಗಳೂ ನಷ್ಟವಾಗಿ ಅದರಿಂದಲೇ ಬುದ್ಧಿ ಮತ್ತೆ ಮಂಕಾಗಬಹುದು. ಅಮೋನಿಯ ಹುಟ್ಟಿಸುವ ಬ್ಯಾಕ್ಟೀರಿಯಾಗಳನ್ನು ಅಡಗಿಸಲು ರಿಫಾಕ್ಸಿಮಿನ್ ಎಂಬ ಔಷಧವನ್ನು ಕೆಲವರಿಗೆ ಜೊತೆಗೆ ಕೊಡುವರು.

ಮಾವನಿಗೆ ಆಸ್ಪತ್ರೆಯಲ್ಲಿ ಬಾಯಿಂದಲೂ ಎನಿಮಾದ ಮೂಲಕವೂ ಲ್ಯಾಕ್ಟುಲೋಸ್ ಕೊಟ್ಟರು. ಎರಡನೆಯ ದಿನ ಬೆಳಗ್ಗೆ ಕಣ್ಣು ತೆರೆದು, ಮದುವೆಮನೆಯಲ್ಲಿ ಕೊಟ್ಟ ಉಡುಗೊರೆಯ ಮೊತ್ತವನ್ನು ಲೆಕ್ಕಪುಸ್ತಕದಲ್ಲಿ ಬರೆದಿಟ್ಟೆವೋ ಎಂದು ಅತ್ತೆಯನ್ನು ಕೇಳಿದರು. ನಾನು ನನ್ನ ತಪ್ಪನ್ನು ಒಪ್ಪಿಕೊಂಡೆ. “ಚೀಟಿಯಲ್ಲಿ ಇದ್ದದ್ದನ್ನು ನೀನು ಓದಿದ್ದಿ, ಅಷ್ಟೆ” ಎಂದು ಅವರು ನಕ್ಕುಬಿಟ್ಟರು, ಅತ್ತೆ ನಗಲಿಲ್ಲ. ಈಗ ಆ ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಕಿನ ಕೆಳಗೂ ಎರಡು ಗುರುತುಗಳಿವೆ. ಒಂದು, ಹಿಂದಿನ ದಿನ ಎಷ್ಟು ಸಲ ಶೌಚಕ್ಕೆ ಹೋದರೆಂದು ಅತ್ತೆ ಪೆನ್ಸಿಲಿನಲ್ಲಿ ಬರೆಯುವ ಅಂಕಿ. ಇನ್ನೊಂದು, ಬೆಳಗಿನ ಕಾಫಿಗೆ ಮೊದಲು ಮಾವ ಶಾಯಿಯಲ್ಲಿ ಹಾಕಲೇಬೇಕಾದ ಪುಟ್ಟ ರುಜು.