ಬಾಡಿಗೆ ಬಾಕಿಯಾದರೆ ಬೀದಿಗೆ ಬೀಳಬೇಕೇ?

ಕೋವಿಡ್ ಸಾಂಕ್ರಾಮಿಕ ತಡೆಯಲು 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್. ದಿನಗೂಲಿ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯ್ದೆಯಡಿ ಆದೇಶ ಹೊರಡಿಸಿತು: ಬಾಡಿಗೆ ಮನೆಯಲ್ಲಿರುವ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳುವಂತಿಲ್ಲ, ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಬಲವಂತದಿಂದ ಖಾಲಿ ಮಾಡಿಸಿದರೆ ಕಾನೂನು ಕ್ರಮ. ಈ ಕಾಯ್ದೆಯಡಿ ಆದೇಶ ಮೀರಿದವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಏಪ್ರಿಲ್ 22ರ ಸುಗ್ರೀವಾಜ್ಞೆ ವೈದ್ಯರು, ದಾದಿಯರ ವಾಸಕ್ಕೆ ತೊಂದರೆ ಕೊಟ್ಟು ಕೆಲಸ ತಪ್ಪಿಸುವುದನ್ನೂ ಅಪರಾಧವೆಂದಿತು.

ಬಾಡಿಗೆ ಮನ್ನಾ ಆಯಿತೇ?

ಇಲ್ಲ. ‘ಕೇಳಬೇಡಿ’ ಎಂದರೇ ಹೊರತು ‘ಕೊಡಬೇಕಿಲ್ಲ’ ಎನ್ನಲಿಲ್ಲ. ಬಾಡಿಗೆಯನ್ನೇ ನಂಬಿ ಬದುಕುವ ಮಾಲೀಕರಿಗೂ ಆ ಆದೇಶದಲ್ಲಿ ಪರಿಹಾರ ಇರಲಿಲ್ಲ. ದೆಹಲಿಯ ಖಾನ್ ಮಾರ್ಕೆಟ್‌ನ ಅಂಗಡಿಯೊಂದರ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್ 2020ರ ಮೇನಲ್ಲಿ ಬಾಡಿಗೆ ಅಮಾನತು ಮಾಡಲು ಒಪ್ಪದೆ, ಕಟ್ಟಲು ಕಾಲಾವಕಾಶವನ್ನಷ್ಟೇ ಕೊಟ್ಟಿತು.

ಆದೇಶದ ಅವಧಿ ಮುಗಿದ ಮೇಲೆ?

ಆಗ ಆಸರೆ ಹಳೆಯ ಕಾನೂನುಗಳೇ. ಆದರೆ ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸದು. ಒಂದು ಕೋಣೆಯ ಮನೆಯೂ ಅದರ ಹೊರಗೇ ಉಳಿಯುತ್ತದೆ. ಅಂಥ ಕಡೆ ಬೇರೆ ಕರಾರು ಇಲ್ಲದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯಂತೆ ತಿಂಗಳ ಬಾಡಿಗೆದಾರರಿಗೆ 15 ದಿನಗಳ ನೋಟಿಸ್ ಕೊಡಬೇಕು. ಆಗಲೂ ಒಪ್ಪಿ ಹೋಗದಿದ್ದರೆ ಮಾಲೀಕರಿಗಿರುವ ದಾರಿ ನ್ಯಾಯಾಲಯ ಮಾತ್ರ. ಬೀಗ ಜಡಿಯುವುದು, ಪಾತ್ರೆ–ಹಾಸಿಗೆ ಹೊರಗೆಸೆಯುವುದು ಕಾನೂನುಬಾಹಿರ. ಹಾಗೆ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಪಡೆಯಬಹುದು.

ಬಾಡಿಗೆದಾರರು ಏನು ಮಾಡಬೇಕು?

- ಕಷ್ಟ ಶುರುವಾದ ಕೂಡಲೇ ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಬರೆದು ಸಮಯ ಕೇಳಿ: ‘ಈ ತಿಂಗಳು ಅರ್ಧ ಕೊಡ್ತೀನಿ ಸಾರ್, ಉಳಿದದ್ದು ಎರಡು ಕಂತಲ್ಲಿ ಕಟ್ತೀನಿ.’
- ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲು ಅವರು ಒಪ್ಪಿದರೆ ಅದನ್ನೂ ಬರಹದಲ್ಲಿ ಪಡೆಯಿರಿ.
- ಕೈಲಾದಷ್ಟು ಕಟ್ಟಿ, ರಸೀದಿ ಇಟ್ಟುಕೊಳ್ಳಿ.
- ಬೀಗ ಹಾಕಿದರೆ ಫೋಟೊ ತೆಗೆದು 112ಕ್ಕೆ ಕರೆ ಮಾಡಿ.
- ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಸಿಗುತ್ತದೆ.

ಬಾಡಿಗೆ ಮುಂದೂಡಿದರೆ ಸಾಲ ಬೆಳೆಯುತ್ತದೆ, ಅಷ್ಟೇ. ಮುಂದೊಂದು ಸಾಂಕ್ರಾಮಿಕ ಬಂದಾಗ ಸರ್ಕಾರ ಬಾಡಿಗೆ ಕೇಳಬೇಡಿ ಎನ್ನುವುದರ ಜೊತೆಗೆ ಆ ಬಾಡಿಗೆಯ ಒಂದು ಪಾಲನ್ನು ತಾನೇ ಹೊರಬೇಕು. ಆಗಲೇ ಮನೆಯೂ ಉಳಿಯುತ್ತದೆ, ಮಾಲೀಕರ ಜೀವನವೂ ನಡೆಯುತ್ತದೆ.